ದೆವ್ವದಕ್ಕನ ಹಾಡಿಗೆ ದನಿ ಹುಡುಕಿದ್ದು

ನಮ್ಮದೇ ಸಿನಿಮಾದ ರೀಮೇಕಿನ ಮೊದಲ ಹಾಡಿಗೆ ಬೇಕಾದ ಸ್ವರಗಳನ್ನು ನಾವು ಹುಡುಕಿದ್ದು ಶಹಾಬಾದಿನ ಒಂದು ಪಾಲಿಶ್ ಶೆಡ್ಡಿನ ಹಿಂದೆ, ಒಡೆದ ಫರಸಿ ಕಲ್ಲುಗಳ ರಾಶಿಯಲ್ಲಿ. ಫರಸಿಯನ್ನು ನೆಲದ ಮೇಲೆ ಮಲಗಿಸಿ ಬಡಿದರೆ ‘ಧಪ್’ ಎಂದು ಸುಮ್ಮನಾಗುತ್ತದೆ. ಎರಡೂ ತುದಿಯಿಂದ ಹೆಚ್ಚುಕಡಿಮೆ ಕಾಲು ಭಾಗ ಒಳಗೆ ಹುರಿಹಗ್ಗದ ಸುರುಳಿ ಇಟ್ಟು, ಅದರ ಮೇಲೆ ಕಲ್ಲನ್ನು ಕೂರಿಸಿ, ಸೈಕಲ್ ಟ್ಯೂಬ್ ಸುತ್ತಿದ ಕಟ್ಟಿಗೆಯ ಕೊಡತಿಯಿಂದ ನಡುವೆ ಹೊಡೆದರೆ ಅದೇ ಕಲ್ಲು ಗಂಟೆಯಂತೆ ನುಡಿಯುತ್ತದೆ. ತುದಿ ಕೊಯ್ದರೆ ಸ್ವರ ಏರುತ್ತದೆ. ಹೊಟ್ಟೆಯ ಕಡೆ ತುಸು ಸವೆಸಿದರೆ ಇಳಿಯುತ್ತದೆ. ಹೀಗೆ ಒಂದು ಸಪ್ತಕ ಕಟ್ಟುವಷ್ಟರಲ್ಲಿ ಎಷ್ಟೋ ಕಲ್ಲು ಕೆಟ್ಟವು. ದೆವ್ವದಕ್ಕ ಗೋಣಿಚೀಲ ಹಾಸಿಕೊಂಡು ಆ ಕಲ್ಲುಗಳ ನಡುವೆ ಕುಳಿತು, ಒಂದೊಂದಕ್ಕೂ ತನ್ನ ಕಂಠದಿಂದ ಸ್ವರ ಕೊಟ್ಟು ತಾಳೆ ನೋಡುತ್ತಿದ್ದಳು.

“ಇದು ಜರಾ ಇಳದದ ತಮ್ಮಾ. ಇನ್ನೊಂದ್ ಬಟ್ಟು ಕೊಯ್ಯಸು.”

“ಪೂರಾ ತುಂಡಾಗ್ತದ ಅಕ್ಕಾ.”

“ಆದ್ರ ಆಗ್ಲಿ. ಶಹಾಬಾದದಾಗ ಕಲ್ಲಿಗೇನ್ ಬರ ಅದ?”

ದೆವ್ವದಕ್ಕ ಎಂಬ ಹೆಸರು ಅವಳಿಗೆ ಬಂದದ್ದು ನಮ್ಮ ಮೊದಲ ಸಿನಿಮಾದಿಂದ. ಅದನ್ನು ಮಾಡಿದವರು ಚಿತ್ತಾಪುರದ ಒಬ್ಬ ಡ್ರಾಯಿಂಗ್ ಮಾಸ್ತರರು. ನಾನು ವಾಡಿಯವನು. ಶಬ್ದದ ಕೆಲಸ, ಸಂಗೀತ ಎರಡೂ ನನ್ನ ಪಾಲಿಗೆ ಬಂದಿದ್ದವು. ಇನ್ನೊಬ್ಬರನ್ನು ಕರೆಯುವ ಶಕ್ತಿ ನಮಗಿರಲಿಲ್ಲ. ಕಥೆ ಇಷ್ಟೇ: ಕಲ್ಲು ಕೊಯ್ಯುವ ಶೆಡ್ಡಿಗೆ ಒಂದು ಹೆಣ್ಣು ದೆವ್ವ ಬರುತ್ತದೆ. ಎಷ್ಟು ಚೀರಿದರೂ ಯಾರೂ ಹೆದರುವುದಿಲ್ಲ, ಯಾಕೆಂದರೆ ಮಷೀನಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದ ಅಲ್ಲಿನವರಿಗೆ ಕಿವಿಯೇ ಕೇಳುವುದಿಲ್ಲ. ಮಾಲೀಕ ಅವಳನ್ನು ಹೊಸ ಕೂಲಿಯವಳೆಂದು ತಿಳಿದು ಕೆಲಸಕ್ಕೆ ಹಚ್ಚುತ್ತಾನೆ. ಹೆದರಿಸಲು ಬಂದ ದೆವ್ವ ಕಲ್ಲು ಹೊತ್ತು ಸುಸ್ತಾಗುತ್ತದೆ. ಒಂದೇ ಕ್ಯಾಮೆರಾ, ಮದುವೆ ಮಂಟಪದಿಂದ ತಂದ ಲೈಟು, ನಮ್ಮ ನಮ್ಮ ಮನೆಯ ಬುತ್ತಿ. ಸುತ್ತಲಿನ ಮಷೀನುಗಳು ನಿಲ್ಲಲಿ ಎಂದು ನಾವು ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದೆವು. ಕರೆಂಟ್ ಹೋದೊಡನೆ ಬ್ಯಾಟರಿಯ ರೆಕಾರ್ಡರ್ ಚಾಲೂ ಮಾಡಿ ಮಾತು ಹಿಡಿಯುತ್ತಿದ್ದೆವು.

ಅಕ್ಕ ಹಿಂದೆ ಕಂಪನಿ ನಾಟಕಗಳಲ್ಲಿ ಹಾಡಿ ನಟಿಸಿದವಳು. ಕಂಪನಿಗಳು ಕಡಿಮೆಯಾದ ಮೇಲೆ ಶಹಾಬಾದಿನಲ್ಲಿ ರವಿಕೆ ಹೊಲಿದುಕೊಂಡು ಇದ್ದಳು. ಚಿತ್ರೀಕರಣ ನಡೆದಷ್ಟು ದಿನವೂ ಒಂದೇ ಮಾತು: “ಒಂದ್ ಹಾಡ್ ಇಡ್ರಿ ಮಾಸ್ತರ.”

“ದೆವ್ವ ಎಲ್ಲಿ ಹಾಡತದ?”

“ಕಂಪನಿ ನಾಟಕದಾಗ ಸತ್ತವರೂ ಹಾಡ್ತಿದ್ರು. ಸತ್ತಮ್ಯಾಲೇ ದೊಡ್ಡ ಹಾಡು ಇರ್ತಿತ್ತು.”

ಹಾಡು ಇಡಲಿಲ್ಲ. ಹಾಡಿಗೆ ಬೇಕಾದ ದಿನಗಳೂ ಜನರೂ ನಮ್ಮ ಹತ್ತಿರ ಇರಲಿಲ್ಲ. ಅವಳ ಚೀರುವಿಕೆ ಮಾತ್ರ ಫೋನಿನಿಂದ ಫೋನಿಗೆ ಹರಿದು ಊರೂರು ಮುಟ್ಟಿತು. ನಾಲವಾರದ ಮಠಕ್ಕೆ ರೈಲಿನಲ್ಲಿ ಹೋಗುವ ಹೆಂಗಸರು ಅವಳನ್ನು ಗುರುತಿಸಿ, “ದೆವ್ವದಕ್ಕಾ, ಒಂದ್ಸಲ ಚೀರು” ಎನ್ನುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು, ಬೋಗಿಯ ಮಕ್ಕಳೆಲ್ಲ ತಾಯಂದಿರ ಮಡಿಲಿಗೆ ಬೀಳುವ ಹಾಗೆ ಚೀರಿ, ಆಮೇಲೆ ಎಲ್ಲರಿಗಿಂತ ಜೋರಾಗಿ ತಾನೇ ನಗುತ್ತಿದ್ದಳು.

ಆ ಸಿನಿಮಾ ನೋಡಿಯೇ ಸೇಡಂನ ಒಬ್ಬ ನಿರ್ಮಾಪಕರು ಮಾಸ್ತರರನ್ನು ಕರೆಸಿದರು. ಅದೇ ಕಥೆ, ಹೊಸದಾಗಿ, ಹಾಡುಗಳಲ್ಲೇ ನಡೆಯಬೇಕು. ಕಿವಿ ಕೇಳದ ಕೂಲಿಯವರು ದೆವ್ವದ ಹಾಡನ್ನು ಕಲ್ಲಿನ ಮೇಲೆ ಅಂಗೈ ಇಟ್ಟು, ಅದರ ನಡುಕದಲ್ಲಿ ಕೇಳಿಸಿಕೊಳ್ಳಬೇಕು. ಮಾಸ್ತರರು ಈ ಸುದ್ದಿ ಹೇಳಿದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ತುಳಿಯುವುದನ್ನು ನಿಲ್ಲಿಸಲಿಲ್ಲ. ತುಳಿಯುತ್ತಲೇ ಅತ್ತಳು.

ಹಾಡಿಗೆ ಮೊದಲು ಟ್ರ್ಯಾಕ್ ಹಿಡಿಯಬೇಕು. ಅಂದರೆ ಯಾವ ಶ್ರುತಿ, ಯಾವ ವೇಗ ಎಂದು ಗೊತ್ತಾಗಲು ಹಾಡುವವರಿಂದ ಸಾದಾ ರೀತಿ ಹಾಡಿಸಿಟ್ಟುಕೊಳ್ಳುವುದು. ವಾದ್ಯಗಳೆಲ್ಲ ಅದರ ಮೇಲೆ ಏರುತ್ತವೆ. ಅಕ್ಕನ ಮನೆಯ ಕಿಟಕಿಗೆ ಕೌದಿ ಕಟ್ಟಿ, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿ, ಒಳಗಿನ ಕೋಣೆಯಲ್ಲಿ ಮೈಕ್ ನಿಲ್ಲಿಸಿದೆ. ರೈಲು ಬಂದಾಗ ನಿಲ್ಲಿಸುವುದು, ಹೋದಾಗ ಮತ್ತೆ ಮೊದಲಿನಿಂದ. ಅವಳದು ಹಾರ್ಮೋನಿಯಂನ ಕಪ್ಪು ಐದನೆಯ ಮನೆಯ ಶ್ರುತಿ. ಮೊದಲ ಹಾಡು ನೀರು ಹರಿದ ಹಾಗೆ ಬಂತು.

ಎರಡನೆಯದು ಸಿನಿಮಾದ ಜೀವ. “ಕಿವಿ ಇಲ್ಲದವರ ಊರಾಗ ಯಾರ ಹೆಸರ ಕೂಗಲೆ” ಎಂದು ಶುರುವಾಗಿ, ‘ಕೂಗಲೆ’ ಎಂಬಲ್ಲಿ ತಾರ ಸ್ಥಾಯಿಯ ಗಾಂಧಾರಕ್ಕೆ ಏರಿ, ಅಲ್ಲಿಂದ ಜಾರಿ ಷಡ್ಜಕ್ಕೆ ಇಳಿಯಬೇಕು. ಏರುವಲ್ಲಿ ಅವಳ ದನಿ ಒಡೆಯಿತು. ಸ್ವರದ ಜೊತೆ ಬರೀ ಗಾಳಿ ಬಂತು. ಕಪ್ಪು ನಾಲ್ಕಕ್ಕೆ ಇಳಿಸಿದೆವು, ಆಮೇಲೆ ಮೂರಕ್ಕೆ. ಗಾಳಿ ಹೋಗಲಿಲ್ಲ.

“ಥಂಡಿ ಹಿಡದದ,” ಎಂದು ಅವಳು ಜ್ಯೇಷ್ಠಮಧುವಿನ ಕಡ್ಡಿಯನ್ನು ದವಡೆಗೆ ಒತ್ತಿಕೊಂಡಳು.

ಹಿಂದಿನ ವಾರಗಳ ರೆಕಾರ್ಡಿಂಗುಗಳನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಕೇಳಿದೆ. ನೆಗಡಿಯ ದನಿ ಮೂಗಿನಲ್ಲಿ ಕಟ್ಟುತ್ತದೆ. ಇದು ಗಂಟಲಲ್ಲೇ ಸೋರುತ್ತಿತ್ತು, ವಾರದಿಂದ ವಾರಕ್ಕೆ ಹೆಚ್ಚಾಗುತ್ತಿತ್ತು. ಅಂದೇ ಅವಳ ಮಗಳಿಗೆ ಫೋನ್ ಮಾಡಿದೆ. ಮಗಳು ಚಿಂಚೋಳಿ ತಾಲ್ಲೂಕಿನಲ್ಲಿ, ಐನಾಪುರದ ಕಡೆ, ಆರೋಗ್ಯ ಕೇಂದ್ರದಲ್ಲಿ ನರ್ಸ್. ಕಡಿಮೆ ಮಾತಿನವಳು. ನಾನು ಹೇಳಿದ್ದನ್ನೆಲ್ಲ ಕೇಳಿ, “ನುಂಗಲಿಕ್ಕ ತಕಲೀಫ್ ಅದ ಅಂತಾಳೇನ್ರಿ ಅಣ್ಣಾ?” ಎಂದಷ್ಟೇ ಕೇಳಿದಳು. ಮರುದಿನವೇ ಬಂದು ತಾಯಿಯನ್ನು ಕಲಬುರಗಿಗೆ ಕರೆದೊಯ್ದಳು. ಅಲ್ಲಿಂದ ಹೈದರಾಬಾದಿಗೆ ಕಳಿಸಿದರು. ಗಡ್ಡೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ಹಿಡಿದಿತ್ತು. ಪೆಟ್ಟಿಗೆಯನ್ನೇ ತೆಗೆದರು.

ಅಕ್ಕ ಮರಳಿ ಬಂದಾಗ ಕೊರಳ ಬುಡದಲ್ಲಿ ಒಂದು ತೂತು ಇತ್ತು. ಇನ್ನು ಉಸಿರಾಟ ಅದರಿಂದಲೇ. ಬಾಯಿ ಬರೀ ಊಟಕ್ಕೆ. ಪಿಸುಮಾತೂ ಇಲ್ಲ, ಯಾಕೆಂದರೆ ಪಿಸುಗುಟ್ಟಲಿಕ್ಕೂ ಬಾಯಿಗೆ ಗಾಳಿ ಬರಬೇಕು. ಕೊರಳಿಗೆ ಒತ್ತಿ ಹಿಡಿದರೆ ಗುಯ್ಯೆನ್ನುವ ಒಂದು ಯಂತ್ರವನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಅದರಿಂದ ಮಾತಾಡಿದರೆ ತಗಡಿನ ಡಬ್ಬಿಯೊಳಗಿಂದ ಯಾರೋ ನುಡಿದಂತೆ ಕೇಳುತ್ತಿತ್ತು. ನಾನೂ ಮಾಸ್ತರರೂ ನೋಡಲು ಹೋದ ದಿನ ಅವಳು ಅದನ್ನು ಕೊರಳಿಗೆ ಹಿಡಿದು, “ಈಗ ಖರೇ ದೆವ್ವ ಆದೆ” ಎಂದಳು. ಮತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗೆಗೆ ಸದ್ದಿರಲಿಲ್ಲ. ಮಾಸ್ತರರು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದರು. ಆ ಯಂತ್ರವನ್ನು ಅವಳು ಮತ್ತೆ ಮುಟ್ಟಲಿಲ್ಲ. ಹೇಳುವುದೇನಿದ್ದರೂ ಫೋನಿನಲ್ಲಿ ಒಂದೇ ಬೆರಳಿನಿಂದ ಬರೆದು ತೋರಿಸುತ್ತಿದ್ದಳು.

ಪಾತ್ರ ಅವಳದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಾಡು ಯಾರದು ಎಂಬುದೇ ಪ್ರಶ್ನೆ. ಹೈದರಾಬಾದಿನಿಂದ ಒಬ್ಬ ಗಾಯಕಿಯನ್ನು ಕರೆಸಿ ಹಾಡಿಸಿ ನೋಡಿದೆವು. ಶ್ರುತಿ ಶುದ್ಧ, ದನಿ ಸಕ್ಕರೆ. ಅಕ್ಕನ ಮುಖದ ಮೇಲೆ ಆ ದನಿ ಕೂರಲಿಲ್ಲ. ನಿರ್ಮಾಪಕರು ಕೇಳಿ ತಲೆಯಾಡಿಸಿದರು.

“ಜನಕ್ಕ ಆಕೀ ಆವಾಜೇ ಬೇಕ್ರಿ. ಈಗ ಕಂಪ್ಯೂಟರಿನಾಗ ಆವಾಜ ಮಾಡ್ತಾರಲ್ಲ, ಹಂಗ ಮಾಡಸ್ರಿ. ಟ್ರ್ಯಾಕ್ ಅವ ಅಲ್ಲ ನಿಮ್ಮ ಹತ್ರ?”

ಅಕ್ಕನನ್ನು ಕೇಳಿದೆವು. ಅವಳು ಹೂಂ ಎನ್ನುವಂತೆ ಜೋರಾಗಿ ತಲೆ ಹಾಕಿದಳು. ಹೈದರಾಬಾದಿನ ಒಬ್ಬ ತಂತ್ರಜ್ಞನಿಗೆ ನನ್ನ ಹತ್ತಿರವಿದ್ದ ಟ್ರ್ಯಾಕುಗಳನ್ನು ಕಳಿಸಿದೆ. ಮೊದಲ ಸಲ ಬಂದ ದನಿ ಕಾಯಿಲೆಯ ಸೋರಿಕೆಯನ್ನೂ ಕಲಿತುಬಿಟ್ಟಿತ್ತು. ಒಡಕು ದನಿಯ ತುಣುಕುಗಳನ್ನು ತೆಗೆದು, ಮೊದಲ ಸಿನಿಮಾದಲ್ಲಿ ಅವಳು ಆಡಿದ ಮಾತುಗಳನ್ನು ಸೇರಿಸಿ ಮತ್ತೆ ಕಳಿಸಿದೆ. ಎರಡನೆಯ ಸಲ ಬಂದದ್ದನ್ನು ವಾಡಿಯ ನನ್ನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದೆ. ‘ಕೂಗಲೆ’ ಗಾಂಧಾರಕ್ಕೆ ಏರಿ, ಜಾರಿ, ಷಡ್ಜಕ್ಕೆ ಇಳಿಯಿತು. ಅಕ್ಕನೇ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಎದ್ದು ಹೋಗಿ ಮುಖ ತೊಳೆದುಕೊಂಡೆ.

ಅದನ್ನು ಅವಳಿಗೆ ಕೇಳಿಸಲು ಲ್ಯಾಪ್‌ಟಾಪ್ ಹೊತ್ತು ಶಹಾಬಾದಿಗೆ ಹೋದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ಸ್ಪೀಕರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಹಾಡು ಮುಗಿಯುವವರೆಗೆ ಅದನ್ನೇ ದಿಟ್ಟಿಸಿದಳು. ಆಮೇಲೆ ಫೋನಿನಲ್ಲಿ ಬರೆದಳು: “ನಾನೇ.” ಮತ್ತೆ ಬರೆದಳು: “ಮಾತಾಡ್ತದೇನು?”

“ನೀ ಬರದದ್ದೆಲ್ಲಾ ಮಾತಾಡ್ತದ ಅಕ್ಕಾ.”

ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ನಾನು ತೋರಿಸಿದ ಜಾಗದಲ್ಲಿ ನಿಧಾನವಾಗಿ ಬರೆದಳು. ಗುಂಡಿ ಒತ್ತಿದೆ. “ಬೇಬೀ, ಊಟ ಆತೇನ? ಬಸ್ ಸಿಕ್ತಾ?” ಎಂದಿತು ಅವಳ ದನಿ ಆ ಕೋಣೆಯಲ್ಲಿ. ಬೇಬಿ ಎಂದರೆ ಮಗಳು. ಅಕ್ಕ ಅದನ್ನು ಮತ್ತೆ ಮತ್ತೆ ಒತ್ತಿ ಕೇಳಿದಳು. ಮುಖ ಅರಳಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಮುಖ ಹಾಗಿದ್ದದ್ದನ್ನು ನಾನು ನೋಡಿರಲಿಲ್ಲ. ತನ್ನ ಫೋನಿಗೆ ಹಾಕಿಕೊಡು ಎಂದು ಸನ್ನೆ ಮಾಡಿದಳು, ಹಾಕಿಕೊಟ್ಟೆ. ನನ್ನೆದುರಿಗೇ ಅದನ್ನು ಮಗಳಿಗೆ ಕಳಿಸಿದಳು.

ಮರುದಿನ ಬೆಳಿಗ್ಗೆ ಮಗಳು ನನಗೆ ಫೋನ್ ಮಾಡಿ, “ಶಹಾಬಾದಕ್ಕ ಬರ್ರಿ ಅಣ್ಣಾ” ಎಂದಳು. ನಾನು ಹೋದಾಗ ಅವಳು ಇನ್ನೂ ಕೆಲಸದ ಸೀರೆಯಲ್ಲೇ ಇದ್ದಳು. ತಾಯಿಯ ಕೊರಳ ತೂತಿನ ಸುತ್ತ ಹತ್ತಿಯಿಂದ ಒರೆಸುತ್ತಿದ್ದಳು. ಆ ಕೆಲಸ ಮುಗಿಸಿ, ಕೈ ತೊಳೆದು, ಹೊಸ ಅರಿವೆ ಕಟ್ಟಿದ ಮೇಲೆಯೇ ನನ್ನ ಕಡೆ ತಿರುಗಿದಳು.

“ಮಕ್ಕಳಿಗೆ ಸೂಜಿ ಮಾಡ್ಲಿಕತ್ತಿದ್ದೆ. ಫೋನಿನಾಗ ಅವ್ವನ ಹೆಸರು ಬಂತು. ತೆರದೆ. ‘ಬೇಬೀ’ ಅಂತು. ಅಣ್ಣಾ, ಒಂದ್ ಗಳಿಗಿ ನನಗ ಏನೂ ನೆನಪಿರಲಿಲ್ಲ. ಆಪರೇಷನ್ ನೆನಪಿರಲಿಲ್ಲ, ಹೈದರಾಬಾದ್ ನೆನಪಿರಲಿಲ್ಲ. ‘ಊಟ ಆಗ್ಯಾದವ್ವಾ’ ಅಂತ ಹೇಳೇಬಿಟ್ಟೆ, ಅಲ್ಲೇ ನಿಂತು, ಎಲ್ಲಾರ ಮುಂದ. ಆಮ್ಯಾಲ ನೆನಪಾತು.” ತಾಯಿಯ ಕೊರಳ ಅರಿವೆಯನ್ನು ಮತ್ತೊಮ್ಮೆ ಸರಿಮಾಡಿದಳು. “ಆಕೀ ಆವಾಜ ಹೋದದ್ದು ನಾ ಒಂದ್ಸಲ ತಡಕೊಂಡೀನಿ. ಇನ್ನೊಂದ್ಸಲ ಆಗಂಗಿಲ್ಲ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಅಕ್ಕ ಮಗಳ ಮುಖವನ್ನೇ ನೋಡುತ್ತಿದ್ದಳು. ಕಳಿಸುವಾಗ ಅವಳು ಎಣಿಸಿದ್ದು ಮಗಳ ಸಂತೋಷವನ್ನು. ಫೋನ್ ತೆಗೆದುಕೊಂಡಳು, ಬರೆದಳು, ನನಗೆ ತೋರಿಸಿದಳು.

“ಅಳಸು. ಪೂರಾ.”

“ಹಾಡಿಂದೂ ಏನಕ್ಕಾ?”

ಅವಳು ಆ ಪದದ ಮೇಲೆ ಬೆರಳಿಟ್ಟಳು: ಪೂರಾ. ಮಗಳ ಫೋನಿನಲ್ಲಿದ್ದದ್ದನ್ನು ಅವಳ ಕೈಯಿಂದಲೇ ಅಳಿಸಿಸಿ, ತನ್ನದರಲ್ಲಿದ್ದದ್ದನ್ನೂ ಅಳಿಸಿದಳು.

ನಾನು ಅಲ್ಲಿಂದ ನೇರವಾಗಿ ಸೇಡಂಗೆ ಹೋದೆ. ಮಾಸ್ತರರೂ ಬಂದರು. ನಿರ್ಮಾಪಕರು ಕೆಟ್ಟವರಲ್ಲ. ಅಕ್ಕನನ್ನು ನೋಡಲು ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಿದ್ದವರು. ಆದರೆ ಚಿತ್ರೀಕರಣದ ದಿನ ಗೊತ್ತಾಗಿತ್ತು, ಹಾಡು ತಯಾರಾಗಿತ್ತು.

“ಆಕೀನೇ ಹೂಂ ಅಂದಿದ್ಲಲ್ರಿ.”

“ಈಗ ಬ್ಯಾಡ ಅಂತಾಳ್ರಿ.”

“ಇಷ್ಟ್ ಚಂದ ಬಂದದ. ನಾಳಿ ಆಕೀ ಇಲ್ಲಂದ್ರೂ ಆಕೀ ಆವಾಜ ಉಳೀತದ. ಅದು ಛಲೋ ಅಲ್ಲೇನ್ರಿ?”

ಆ ದನಿ ಇರುವ ಹಾಡಿಗೆ ನಾನು ಕೆಲಸ ಮಾಡುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದಷ್ಟೇ ಹೇಳಿದೆ. ಮಾಸ್ತರರು, “ಹಂಗಾದ್ರ ನಂದೂ ಅಷ್ಟೇ ಅದ್ರಿ” ಎಂದರು. ನಿರ್ಮಾಪಕರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಆಮೇಲೆ ಅವರೇ ಹೈದರಾಬಾದಿಗೆ ಫೋನ್ ಹಚ್ಚಿದರು. ತಂತ್ರಜ್ಞ ವಿಡಿಯೋ ಕರೆಯಲ್ಲಿ ನಮ್ಮ ಕಣ್ಣೆದುರೇ ಎಲ್ಲವನ್ನೂ ಅಳಿಸಿದ. ನಾನು ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿದೆ. ಅಳಿಸುವ ಮೊದಲು ಒಂದು ಸಲ ಕೇಳಬೇಕೆನಿಸಿತು. ಕೇಳಲಿಲ್ಲ.

ಕೊನೆಗೆ ಹಾಡಿದವಳು ಸೇಡಂನಲ್ಲಿ ಬಿ.ಎ. ಓದುತ್ತಿದ್ದ, ಭಜನಾ ಮೇಳದಲ್ಲಿ ಹಾಡುತ್ತಿದ್ದ ಹುಡುಗಿ. ದನಿ ತುಸು ಒರಟು, ಅಂಜಿಕೆ ಜಾಸ್ತಿ. ಅಕ್ಕ ಅವಳನ್ನು ಮನೆಗೆ ಕರೆಸಿಕೊಂಡು ತಾನೇ ಕಲಿಸತೊಡಗಿದಳು. ದನಿಯಿಲ್ಲದೆ ಕಲಿಸುವುದೆಂದರೆ ಏನೆಂದು ಅಲ್ಲಿ ಕಂಡೆ. ಒಂದು ಕೈ ನೆಲದ ಮೇಲೆ ತಾಳ ಹಾಕುತ್ತಿತ್ತು, ಇನ್ನೊಂದು ಗಾಳಿಯಲ್ಲಿ ಸ್ವರದ ಏರಿಳಿತ ಬರೆಯುತ್ತಿತ್ತು. ತುಟಿ ಅಕ್ಷರ ಆಡುತ್ತಿತ್ತು. ಹುಡುಗಿ ಬೇಗ ಹಿಡಿದಳು. ಆದರೆ ಗಾಂಧಾರದಿಂದ ಜಾರುವ ಆ ಒಂದು ಜಾಗದಲ್ಲಿ ಮತ್ತೆ ಮತ್ತೆ ಮುಗ್ಗರಿಸಿದಳು. ಮೆಟ್ಟಿಲಿಳಿದ ಹಾಗೆ ಇಳಿಯುತ್ತಿದ್ದಳು, ಜಾರುತ್ತಿರಲಿಲ್ಲ.

ಅಕ್ಕನಿಗೆ ಬೇಸರವಾಯಿತು. ಹುಡುಗಿಯ ಕೈ ಹಿಡಿದು ಎಳೆದು, ಕಂಪನಿಯಲ್ಲಿ ತನಗೆ ಕಲಿಸಿದವರು ಮಾಡುತ್ತಿದ್ದ ಹಾಗೆ, ತನ್ನ ಗಂಟಲ ಮೇಲೆ ಇಟ್ಟುಕೊಂಡಳು. ಬಾಯಿ ತೆರೆದು ಆ ಜಾಗವನ್ನು ಹಾಡಿದಳು. ಹಾಡಿದಳೆಂದೇ ಹೇಳಬೇಕು. ಕಣ್ಣು ಮುಚ್ಚಿತ್ತು, ಹುಬ್ಬು ಏರಿತ್ತು. ಹುಡುಗಿಯ ಕೈಗೆ ಏನೂ ತಾಕಲಿಲ್ಲ. ಕೆಳಗೆ, ಅರಿವೆಯ ಹಿಂದೆ, ಬಿಸಿ ಉಸಿರು ಮಾತ್ರ ಸುಯ್ಯೆಂದಿತು. ಅಕ್ಕ ಕಣ್ಣು ತೆರೆದಳು. ಮರೆತಿದ್ದಳು, ಪಾಪ. ಕೈ ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡಿದ್ದು, ಆಮೇಲೆ ಆ ಕೈಯನ್ನು ಹುಡುಗಿಯ ಗಂಟಲಿಗೇ ಒಯ್ದು ಇಟ್ಟು, ‘ನೀ ಹಾಡು’ ಎಂದು ತಲೆಯಾಡಿಸಿದಳು. ಹುಡುಗಿ ಅಳುತ್ತಲೇ ಹಾಡಿದಳು. ಜಾರು ಬಂತು.

ಆ ಹಾಡನ್ನು ನೀರು ನಿಂತ ಒಂದು ಹಳೆಯ ಗಣಿಯ ಅಂಚಿನಲ್ಲಿ, ಇಳಿಬಿಸಿಲಲ್ಲಿ ಚಿತ್ರಿಸಿದೆವು. ಕೊರಳ ತೂತಿಗೆ ಕಲ್ಲಿನ ಪುಡಿ ಹೋಗಬಾರದೆಂದು ಟ್ಯಾಂಕರಿನಿಂದ ನೆಲ ತೋಯಿಸಿ, ಸುತ್ತ ಯಾರೂ ಚಪ್ಪಲಿ ಎಳೆದು ನಡೆಯದಂತೆ ನೋಡಿಕೊಂಡೆವು. ಮಗಳು ರಜೆ ಹಾಕಿ ಬಂದು, ಪ್ರತಿ ಶಾಟಿನ ನಡುವೆ ಅರಿವೆ ಬದಲಿಸುತ್ತಿದ್ದಳು. ಅಕ್ಕ ಬಿಳಿ ಸೀರೆ ಉಟ್ಟು, ಸ್ಪೀಕರಿನಿಂದ ಬರುವ ಆ ಹುಡುಗಿಯ ದನಿಗೆ ತುಟಿ ಕೂಡಿಸಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಕೂಲಿಯ ವೇಷದವರು ಫರಸಿಯ ಮೇಲೆ ಅಂಗೈ ಇಟ್ಟು ಕುಳಿತಿದ್ದರು. ಮಾಸ್ತರರು ‘ಕಟ್’ ಎನ್ನುವುದನ್ನು ಮರೆತರು. ಹಾಡು ಮುಗಿದ ಮೇಲೂ ಕ್ಯಾಮೆರಾ ಓಡುತ್ತಿತ್ತು.

ಸಿನಿಮಾ ಸೇಡಂನಲ್ಲೂ ಚಿತ್ತಾಪುರದಲ್ಲೂ ಬಂತು. ಜನ ನಕ್ಕರು, ಆ ಹಾಡಿಗೆ ಸುಮ್ಮನಾದರು. ಮೊದಲ ಸಿನಿಮಾದಷ್ಟು ಓಡಲಿಲ್ಲ. ಚೀರೋದೇ ಚಂದ ಇತ್ತು ಎಂದರು ಕೆಲವರು. ಅಕ್ಕ ಅದನ್ನು ಒಂದು ಸಲ ನೋಡಿದಳು. ಆಟ ಮುಗಿದ ಮೇಲೆ ಹುಡುಗಿಯ ಕೆನ್ನೆ ಹಿಂಡಿ, ಅವಳಿಗೆ ದೃಷ್ಟಿ ತಾಗದಿರಲೆಂದು ತನ್ನ ಹಣೆಗೆ ಲಟಿಕೆ ಮುರಿದುಕೊಂಡಳು. ಕಾಯಿಲೆ ಮತ್ತೆ ಮರಳಿ ಬಂದದ್ದು ಅದಾಗಿ ಕೆಲವೇ ತಿಂಗಳಿಗೆ. ಈ ಸಲ ತೆಗೆಯಲು ಏನೂ ಉಳಿದಿರಲಿಲ್ಲ. ಅಕ್ಕ ಹೋದಳು. ಮಣ್ಣಿಗೆ ನಾವೆಲ್ಲ ಹೋಗಿದ್ದೆವು.

ಆಮೇಲೆ ಒಂದು ಮಧ್ಯಾಹ್ನ ಮಗಳು ಫೋನ್ ಮಾಡಿದಳು. ಅದು ಇದು ಕೇಳಿದಳು. ಹೊಸ ಕೆಲಸ ಏನಾದರೂ ಬಂದಿದೆಯೇ ಎಂದಳು. ಅವಳು ಅದನ್ನು ಕೇಳಲು ಫೋನ್ ಮಾಡಿಲ್ಲವೆಂದು ನನಗೆ ತಿಳಿಯುತ್ತಿತ್ತು.

“ಅಣ್ಣಾ, ಅದು ಇನ್ನಾ ಅದ ಏನ್ರಿ?”

ಯಾವುದು ಎಂದು ನಾನು ಕೇಳಲಿಲ್ಲ. “ಇಲ್ಲ ತಂಗಿ. ಆವತ್ತೇ ಅಳಸೀವಿ. ಎಲ್ಲಾ ಕಡಿಯಿಂದ.”

“ಹೈದರಾಬಾದದಾಗ?”

“ಅಲ್ಲೀನೂ ಇಲ್ಲ. ಟ್ರ್ಯಾಕ್ ಅದಾವ, ಆಕೀ ಖುದ್ದ್ ಹಾಡಿದ್ದು. ಇವತ್ತೇ ಕಳಸ್ತೀನಿ.”

“ಹಾಡು ಬ್ಯಾಡ್ರಿ, ಸಿನಿಮಾದಾಗಿನ ಮಾತೂ ಬ್ಯಾಡ. ಹಾಡಿಗೆ ಮೊದಲು, ಹಾಡ್ ಆದಮ್ಯಾಲ, ಏನರ ಮಾತಾಡಿರ್ತಾಳಲ್ಲ. ‘ನೀರ್ ಕೊಡು’ ಅಂತ, ‘ಫ್ಯಾನ್ ಬಂದ್ ಮಾಡು’ ಅಂತ. ಅಂಥಾದ್ ಏನರ ಅದ ಏನ್ರಿ?”

ಟ್ರ್ಯಾಕ್ ಹಿಡಿದ ಮೇಲೆ ಹಾಡಿನ ಹಿಂದುಮುಂದಿನ ಮಾತು, ಕೆಮ್ಮು, ನಗು ಎಲ್ಲವನ್ನೂ ಕತ್ತರಿಸಿ ತೆಗೆಯುತ್ತೇವೆ. ನಮ್ಮ ಕೆಲಸದಲ್ಲಿ ಅದೇ ವಾಡಿಕೆ. ಹುಡುಕುತ್ತೇನೆ ಎಂದು ಹೇಳಬಹುದಿತ್ತು. ಆದರೆ ಹುಡುಕಲು ನನಗೇನೂ ಉಳಿದಿರಲಿಲ್ಲ. ಅಕ್ಕ ಹೋದ ರಾತ್ರಿಯೇ ನಾನೂ ಅದನ್ನೇ ಹುಡುಕಿದ್ದೆ.

“ಇಲ್ಲ ತಂಗಿ,” ಎಂದೆ.

ಆ ಕಡೆ ಯಾವುದೋ ಕೂಸು ಅಳುತ್ತಿತ್ತು, ಯಾರೋ ಸಮಾಧಾನ ಮಾಡುತ್ತಿದ್ದರು.

“ಇರ್ಲಿ ಬಿಡ್ರಿ ಅಣ್ಣಾ. ಬ್ಯಾಡ ಅಂದಾಕಿ ನಾನೇ ಅಲ್ಲೇನ್ರಿ,” ಎಂದಳು. ಮತ್ತೆ, “ಮಂದಿ ಭಾಳ ನಿಂತದ ಇಲ್ಲಿ. ಇಡ್ತೀನ್ರಿ,” ಎಂದು ಫೋನ್ ಇಟ್ಟಳು.